ಒಂದು ದಿನ ಅತಿಥಿಯಾಗಿ ಕೂತು ನೋಡಿ

ನಂದಿ ಬೆಟ್ಟದ ತಪ್ಪಲಿಗೆ ವೈನರಿ ಪ್ರವಾಸ ಹೊರಡಲಿದ್ದ ಹೋಟೆಲ್ ಮ್ಯಾನೇಜ್‌ಮೆಂಟ್ ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ವಿಷಯ ಮುಗಿಸಿಬಿಡೋಣ. ವೈನರಿಗೆ ಹೋಗುವ ದಿನ ಯಾರೂ ಮಲ್ಲಿಗೆ ಮುಡಿದು ಬರಬೇಡಿ. ಸೆಂಟು ಬೇಡ, ಘಮ್ಮೆನ್ನುವ ತಲೆ ಎಣ್ಣೆ ಬೇಡ. ಬಸ್ಸಿನಲ್ಲಿ ಊದುಬತ್ತಿ ಹಚ್ಚಬೇಡಿ ಅಂತ ಡ್ರೈವರ್ ಅಣ್ಣನಿಗೂ ಹೇಳಿದ್ದೇವೆ. ಅವತ್ತು ಇಡೀ ದಿನ ಕೆಲಸ ಇರುವುದು ಮೂಗಿಗೆ. ಒಬ್ಬರ ಜಡೆಯ ಮಲ್ಲಿಗೆ ಸುತ್ತ ಕೂತ ಎಂಟು ಜನರ ಲೋಟದೊಳಗೆ ಬಂದು ಕೂರುತ್ತದೆ. ಇನ್ನೊಂದು, ತಿಂಡಿ ಹೊಟ್ಟೆ ತುಂಬ ತಿಂದು ಬನ್ನಿ. ಖಾಲಿ ಹೊಟ್ಟೆಯವರಿಗೆ ಲೋಟ ಕೊಡುವುದಿಲ್ಲ.

ಹಿಂದಿನ ಸಾಲಿನಲ್ಲಿ ಕೂತ ತಂದೆ ತಾಯಂದಿರ ಮುಖ ನನಗೆ ಕಾಣುತ್ತಿದೆ. "ಓದಲಿ ಅಂತ ಕಳಿಸಿದ್ರೆ ಇವರು ಕುಡಿಸೋಕೆ ಕರ್ಕೊಂಡು ಹೋಗ್ತಿದ್ದಾರಲ್ಲಪ್ಪ" ಅಂತ ಅನ್ನಿಸಿರಬಹುದು. ನ್ಯಾಯವಾದ ಮಾತೇ. ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ರುಚಿ ನೋಡಲು ಒಂದು ಲೋಟಕ್ಕೆ ಸುಮಾರು 50 ಮಿ.ಲೀ. ಹಾಕುತ್ತಾರೆ. ಐದು ವೈನ್ ಅಂದರೆ 250 ಮಿ.ಲೀ. ವೈನಿನಲ್ಲಿ ಆಲ್ಕೋಹಾಲ್ ಶೇ 13ರ ಆಸುಪಾಸು. ಅಷ್ಟನ್ನೂ ನುಂಗಿದರೆ 32 ಮಿ.ಲೀ.ಗಿಂತ ಸ್ವಲ್ಪ ಜಾಸ್ತಿ ಆಲ್ಕೋಹಾಲ್ ಒಳಗೆ ಹೋಯಿತು. ನಮ್ಮ ದೇಶದ ವಿಸ್ಕಿ ಶೇ 42.8ರದ್ದು. ಅದರ 30 ಮಿ.ಲೀ.ಯ ಎರಡೂವರೆ ಸಣ್ಣ ಪೆಗ್ಗಿಗೆ ಇದು ಸಮ. ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡೂವರೆ ಪೆಗ್ ಹಾಕಿದವರು ಏನು ಕಲಿಯುತ್ತಾರೆ? ಏನೂ ಇಲ್ಲ.

ಅದಕ್ಕೇ ಉಗುಳುವುದು. ಪ್ರತಿ ಮೇಜಿನ ಮೇಲೂ ಉಗುಳುವ ಪಾತ್ರೆ ಇರುತ್ತದೆ. ಬಾಯಲ್ಲಿ ಆಡಿಸಿ, ಉಗುಳಿ, ಬರೆದುಕೊಳ್ಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಒಂದೇ ದಿನ ಹತ್ತಾರು ವೈನ್ ರುಚಿ ನೋಡುವ ವೃತ್ತಿಯವರೆಲ್ಲ ಹೀಗೇ ಕೆಲಸ ಮಾಡುವುದು. ಇಪ್ಪತ್ತೊಂದು ತುಂಬದವರ ಬಾಯಿಗೆ ಒಂದು ಹನಿಯೂ ಇಲ್ಲ, ಮೂಗಿಗೆ ಮಾತ್ರ. ಧರ್ಮದ ಕಾರಣಕ್ಕೋ, ಮನೆಯ ಪದ್ಧತಿಗೋ, ಸುಮ್ನೆ ಇಷ್ಟವಿಲ್ಲ ಅಂತಲೋ ಬೇಡ ಅನ್ನುವವರಿಗೂ ಅದೇ ವ್ಯವಸ್ಥೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ವೈನಿನಲ್ಲಿ ನಾವು ರುಚಿ ಅನ್ನುವುದರಲ್ಲಿ ಬಹುಪಾಲು ವಾಸನೆಯೇ. ಹುಳಿ, ಸಿಹಿ, ಒಗರು ಇವಷ್ಟೇ ನಾಲಿಗೆ ಮತ್ತು ಬಾಯಿಯ ಪಾಲು. ಹಾಗಾಗಿ ಕುಡಿಯದ ಹುಡುಗಿಗೆ ಈ ದಿನ ದಂಡ ಆಗುವುದಿಲ್ಲ.

ಹಾಗಾದರೆ ಹೋಗುವುದು ಏತಕ್ಕೆ? ಈ ಪ್ರವಾಸದ ಫೋಟೊಗಳನ್ನು ಬೇರೆ ಕಾಲೇಜುಗಳವರು ಹಾಕುವುದನ್ನು ನೋಡಿದ್ದೇನೆ. ದ್ರಾಕ್ಷಿ ಬಳ್ಳಿಯ ಕೆಳಗೆ ಒಂದು, ಮರದ ಪೀಪಾಯಿಯ ಪಕ್ಕ ಒಂದು, ಲೋಟ ಎತ್ತಿ ಹಿಡಿದು ಒಂದು. ಸಂಜೆ ವಾಪಸ್. ಅದು ಪಿಕ್‌ನಿಕ್. ತಪ್ಪೇನಿಲ್ಲ, ಆದರೆ ಅದಕ್ಕೆ ಕಾಲೇಜಿನ ಬಸ್ಸು ಬೇಕಾಗಿಲ್ಲ.

ನೀವು ಇಷ್ಟು ದಿನ ಟ್ರೇ ಹಿಡಿಯುವುದು, ಬಲಗಡೆಯಿಂದ ಸುರಿಯುವುದು, ನ್ಯಾಪ್‌ಕಿನ್ ಮಡಚುವುದು ಎಲ್ಲ ಕಲಿತಿರಿ. ಆದರೆ ನಿಮ್ಮಲ್ಲಿ ಬಹಳ ಜನ ಕುರ್ಚಿಯ ಆ ಕಡೆ ಕೂತಿಲ್ಲ. ಕರಿ ಕೋಟಿನವನು ಬಂದು ಬಾಟಲಿಯ ಲೇಬಲ್ ತೋರಿಸಿ, ಲೋಟಕ್ಕೆ ಎರಡು ಗುಟುಕು ಸುರಿದು, ಮುಖ ನೋಡುತ್ತಾ ನಿಂತಾಗ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತಿಲ್ಲ. ಅತಿಥಿಗೆ ಆ ಕ್ಷಣ ಭಯವಾಗುತ್ತದೆ. ಕಾಸಿದ್ದವರಿಗೂ ಆಗುತ್ತದೆ. ಅವನು ಯಾಕೆ ಸ್ವಲ್ಪವೇ ಹಾಕಿದ? ನಾನೀಗ ಏನು ಹೇಳಬೇಕು? ಚೆನ್ನಾಗಿಲ್ಲ ಅಂದರೆ ನಗುತ್ತಾನಾ? ಬಿಲ್ ಎಷ್ಟಾಗುತ್ತೋ? ಎದುರಿಗೆ ಕೂತವರು ನನ್ನನ್ನು ಗಮಾರ ಅಂದುಕೊಂಡರೆ?

ಈ ಭಯ ಒಂದು ಸಲವಾದರೂ ನಿಮ್ಮ ಹೊಟ್ಟೆಯಲ್ಲಿ ಹುಟ್ಟಬೇಕು. ಅದಕ್ಕೆ ಈ ಪ್ರವಾಸ. ಮಧ್ಯಾಹ್ನದ ಊಟದಲ್ಲಿ ಅರ್ಧ ಜನ ಕೂರುತ್ತೀರಿ, ಅರ್ಧ ಜನ ಬಡಿಸುತ್ತೀರಿ. ಎರಡು ಬಗೆ ಮುಗಿದ ಮೇಲೆ ಏಪ್ರನ್ ಬದಲಾಗುತ್ತದೆ. ನನ್ನ ಮಟ್ಟಿಗೆ ಇಡೀ ದಿನದ ಜೀವಾಳ ಆ ಊಟವೇ. ಉಳಿದದ್ದು ಅದಕ್ಕೆ ತಯಾರಿ.

ಬೆಳಿಗ್ಗೆ ಮೊದಲು ತೋಟ. ಫೆಬ್ರವರಿ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಯುರೋಪಿನಲ್ಲಿ ಚಳಿಗಾಲ ಬಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತದೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ಬಳ್ಳಿಗೆ ನಿದ್ದೆಯೂ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಸವರುತ್ತಾರೆ. ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಅನ್ನುತ್ತಾರೆ. ಏಪ್ರಿಲ್ ಹೊತ್ತಿಗೆ ಒಮ್ಮೆ, ರೆಂಬೆ ಬಲಿಯಲಿ ಅಂತ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ, ಹಣ್ಣು ಬರಲಿ ಅಂತ. ಹಾಗೆ ಮಾಡಿದರೆ ಹಣ್ಣು ಮಳೆಗೆ ಸಿಕ್ಕದೆ ಒಣ ತಿಂಗಳುಗಳಲ್ಲಿ ಮಾಗುತ್ತದೆ. ತೋಟ ಇರುವ ಜಾಗ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು, ರಾತ್ರಿ ತಂಪು. ಹಣ್ಣಿನ ಹುಳಿ ಪೂರ್ತಿ ಸತ್ತು ಹೋಗದೆ ಉಳಿಯಲು ಆ ತಂಪು ಬೇಕು.

ಈ ಸೀಮೆಯಲ್ಲಿ ವೈನ್ ದ್ರಾಕ್ಷಿ ಬೆಳೆಯಬಹುದು ಅಂತ ಹಟ ಹಿಡಿದು ತೋರಿಸಿದವರು ಕನ್ವಲ್ ಗ್ರೋವರ್. ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಕೆಲಸ ಶುರು ಮಾಡಿದರು. 2012ರಲ್ಲಿ ಅವರ ಕಂಪನಿ ನಾಸಿಕ್‌ನ ಇನ್ನೊಂದು ಕಂಪನಿಯ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ನಡುವೆ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಆಮೇಲೆ ಇನ್ನಷ್ಟು ವೈನರಿಗಳು ತಲೆ ಎತ್ತಿದವು. ಇತಿಹಾಸ ಇಷ್ಟು ಸಾಕು, ಉಳಿದದ್ದನ್ನು ಅಲ್ಲಿನ ಗೈಡ್ ಹೇಳುತ್ತಾರೆ, ಸ್ವಲ್ಪ ಒಗ್ಗರಣೆ ಹಾಕಿಯೇ ಹೇಳುತ್ತಾರೆ.

ನೀವು ತೋಟದಲ್ಲಿ ಮಾಡಬೇಕಾದ್ದು ಬೇರೆ. ಶಿರಾಜ್ ಅಂದರೆ ಕೆಂಪು ವೈನ್ ಮಾಡುವ ಒಂದು ಜಾತಿಯ ದ್ರಾಕ್ಷಿ. ಅನುಮತಿ ಕೇಳಿ ಅದರ ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ತುಂಬಾ ಸಿಹಿ. ಸಿಪ್ಪೆಯನ್ನು ಅಗಿದರೆ ಒಸಡು ಹಿಡಿದ ಹಾಗಾಗುತ್ತದೆ. ಆ ಒಗರೇ ಟ್ಯಾನಿನ್. ಕೆಂಪು ವೈನಿನ ಬಣ್ಣವೂ ಈ ಸಿಪ್ಪೆಯದೇ, ಒಳಗಿನ ತಿರುಳಿಗೆ ಬಣ್ಣ ಇರುವುದಿಲ್ಲ. ದಾರಿಯಲ್ಲಿ ಬೆಂಗಳೂರು ಬ್ಲೂ ಹಣ್ಣು ಮಾರುವವರು ಸಿಕ್ಕರೆ ಅದನ್ನೂ ತಿಂದು ಹೋಲಿಸಿ. ಜ್ಯೂಸ್ ಅಂಗಡಿಯ ಕಪ್ಪು ದ್ರಾಕ್ಷಿ ಅದೇ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಬೆಳೆ, 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅಗ್ಗದ ಸಿಹಿ ಪೋರ್ಟ್ ವೈನಿಗೆ ಹೋಗುವುದೂ ಇದೇ ಹಣ್ಣು. ದೊಡ್ಡ ಹೋಟೆಲಿನವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ನೀವು ಮುರಿಯಬೇಡಿ. ನಿಮ್ಮ ಮೇಜಿಗೆ ಬರುವ ಎಷ್ಟೋ ಜನ ಮೊದಲು ಕುಡಿದ ವೈನ್ ಅದೇ ಆಗಿರುತ್ತದೆ. "ಸಿಹಿ ಇರೋದು ಕೊಡಿ" ಅಂತ ಅವರು ಕೇಳಿದಾಗ ನಿಮ್ಮ ಹುಬ್ಬು ಮೇಲೆ ಹೋಗಬಾರದು.

ವೈನರಿಯ ಒಳಗೆ ಬೇಗ ಬೇಗ ನೋಡಿ ಬರೋಣ. ಬಿಳಿ ವೈನಿಗೆ ಹಣ್ಣು ಹಿಂಡಿ ರಸವನ್ನಷ್ಟೇ ಹುದುಗಿಸುತ್ತಾರೆ, ಕೆಂಪಿಗೆ ಸಿಪ್ಪೆ ಬೀಜದ ಸಮೇತ. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ 1 ಆಲ್ಕೋಹಾಲ್ ಆಗುತ್ತದೆ. ಈ ಒಂದು ಲೆಕ್ಕ ನೆನಪಿದ್ದರೆ, ಬಿಸಿಲು ಜಾಸ್ತಿ ಇರುವ ಊರಿನ ವೈನ್ ಯಾಕೆ ಗಡುಸು ಅನ್ನುವುದು ತಾನಾಗೇ ಹೊಳೆಯುತ್ತದೆ. ಓಕ್ ಪೀಪಾಯಿ ಸಾಮಾನ್ಯವಾಗಿ 225 ಲೀಟರಿನದು, ಅಂದರೆ ಸರಿಯಾಗಿ 300 ಬಾಟಲಿ. ಹುದುಗುತ್ತಿರುವ ಟ್ಯಾಂಕಿನ ಬಾಯಿಗೆ ತಲೆ ಹಾಕಿ ಇಣುಕಬೇಡಿ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ, ಅದು ಪ್ರಾಣ ತೆಗೆಯುತ್ತದೆ. ಸೆಲ್ಫಿ ಹುಚ್ಚಿನವರಿಗೆ ಇದನ್ನು ಎರಡು ಸಲ ಹೇಳುತ್ತಿದ್ದೇನೆ.

ಈಗ ರುಚಿ ನೋಡುವ ಕೋಣೆ. ಲೋಟದ ಕಾಲು ಹಿಡಿಯಿರಿ, ಹೊಟ್ಟೆ ಹಿಡಿಯಬೇಡಿ, ಕೈ ಬಿಸಿಗೆ ವೈನ್ ಬೆಚ್ಚಗಾಗುತ್ತದೆ. ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಿ. ಅಲುಗಿಸುವ ಮುಂಚೆ ಒಮ್ಮೆ ಮೂಸಿ, ಅಲುಗಿಸಿ ಇನ್ನೊಮ್ಮೆ. ಆಮೇಲೆ ಬಾಯಿಗೆ.

ಮತ್ತೆ ಒಂದು ಕಡ್ಡಾಯ. ಮೊದಲ ಐದು ನಿಮಿಷ ಯಾರೂ ಮಾತಾಡಬಾರದು, ಬರೆಯಬೇಕು ಅಷ್ಟೇ. ಒಬ್ಬ ಗಟ್ಟಿ ದನಿಯವನು "ಸ್ಟ್ರಾಬೆರಿ" ಅಂದರೆ ಉಳಿದ ಹತ್ತು ಜನಕ್ಕೂ ಸ್ಟ್ರಾಬೆರಿಯೇ ಬರುತ್ತದೆ. ಬರೀ ಕಣ್ಣು ಕೂಡ ಮೂಗನ್ನು ಏಮಾರಿಸುತ್ತದೆ. 2001ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಒಂದೇ ಬಿಳಿ ವೈನನ್ನು ಎರಡು ಲೋಟದಲ್ಲಿ ಕೊಟ್ಟರು. ಒಂದಕ್ಕೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿದ್ದರು. ಹುಡುಗರು ಆ ಲೋಟದ ವಾಸನೆಯನ್ನು ಕೆಂಪು ವೈನಿಗೆ ಹೇಳುವ ಮಾತುಗಳಲ್ಲೇ ಬಣ್ಣಿಸಿದರು. ಅದೂ ಬೋರ್ಡೊದಲ್ಲಿ, ವೈನನ್ನೇ ಓದುವವರು! ಹಾಗಾಗಿ ನಿಮಗೆ ಏನೂ ಹೊಳೆಯದಿದ್ದರೆ ಗಾಬರಿಯಾಗಬೇಡಿ.

ಹೊಳೆಯಲು ಬೇಕಾದ ಸರಕು ನಿಮ್ಮ ಮನೆಯಲ್ಲೇ ಇದೆ. ವೈನ್ ಪುಸ್ತಕಗಳು ಹೇಳುವ ಬ್ಲಾಕ್‌ಕರಂಟ್ ಹಣ್ಣನ್ನು ನಮ್ಮಲ್ಲಿ ಯಾರೂ ಕಂಡಿಲ್ಲ, ಕಾಣಲಿಕ್ಕೂ ಇಲ್ಲ. ನೇರಳೆ ಅಂತ ಬರೆಯಿರಿ. ಸೊವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್ ಮೂಸಿದಾಗ ಸೀಬೆಹಣ್ಣು ನೆನಪಾದರೆ ಹಾಗೇ ಬರೆಯಿರಿ, ಪರದೇಶದ ತಜ್ಞರೂ ಅದನ್ನೇ ಬರೆಯುತ್ತಾರೆ. ಶಿರಾಜ್‌ನಲ್ಲಿ ಕರಿಮೆಣಸು ಬಂತು ಅಂದರೆ ಅದು ಕಲ್ಪನೆಯಲ್ಲ. ರೊಟಂಡೋನ್ ಅನ್ನುವ ಒಂದೇ ವಸ್ತು ಶಿರಾಜ್‌ನಲ್ಲೂ ಇದೆ, ಸಕಲೇಶಪುರದ ಮೆಣಸಿನಲ್ಲೂ ಇದೆ. ಆಸ್ಟ್ರೇಲಿಯಾದವರು 2008ರಲ್ಲಿ ಅದನ್ನು ಪತ್ತೆ ಮಾಡಿದರು. ತಮಾಷೆ ಏನೆಂದರೆ, ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ಆ ವಾಸನೆ ತಿಳಿಯುವುದೇ ಇಲ್ಲ. ಪಕ್ಕದವಳಿಗೆ ಮೆಣಸು ಬಂದು ನಿಮಗೆ ಬರದಿದ್ದರೆ ಇಬ್ಬರೂ ಸರಿ.

ಅತಿಥಿಯ ಮುಂದೆ ಮಾತ್ರ ಈ ಪಟ್ಟಿ ಒಪ್ಪಿಸಬೇಡಿ. ಅವರಿಗೆ ಬೇಕಾದ್ದು ಮೂರು ಮಾತು. ಹುಳಿಯೋ ಮೃದುವೋ, ಹಗುರವೋ ಗಡುಸೋ, ಈ ಊಟಕ್ಕೆ ಹೊಂದುತ್ತದೋ ಇಲ್ಲವೋ.

ಊಟಕ್ಕೆ ಬಂದೆವು. ಈ ಸಲ ಪಾಸ್ತಾ ಬೇಡ, ನಮ್ಮ ಅಡುಗೆಯೇ ಇರಲಿ ಅಂತ ಜಗಳ ಆಡಿ ಒಪ್ಪಿಸಿದ್ದೇನೆ. ವೈನ್ ಪುಸ್ತಕಗಳೆಲ್ಲ ಚೀಸ್, ಬೀಫ್ ಸ್ಟೇಕ್ ಅನ್ನುತ್ತವೆ. ನಿಮ್ಮ ಅತಿಥಿ ಕೋಳಿ ಸಾರು, ಮೀನು ಫ್ರೈ ತರಿಸಿಕೊಂಡು "ಇದಕ್ಕೆ ಯಾವ್ದು ಚೆನ್ನಾಗಿರುತ್ತೆ?" ಅಂತ ಕೇಳುತ್ತಾರೆ.

ಮೊದಲ ಶತ್ರು ಖಾರ. ಬಾಯಲ್ಲಿ ಬಿಸಿಯನ್ನು ಗುರುತಿಸುವ ನರವನ್ನೇ ಮೆಣಸಿನಕಾಯಿ ಕೆರಳಿಸುತ್ತದೆ. ಆಲ್ಕೋಹಾಲ್ ಬಿದ್ದರೆ ಅದೇ ನರ ಇನ್ನಷ್ಟು ಬೇಗ ಕೆರಳುತ್ತದೆ. ಅದರ ಮೇಲೆ ಟ್ಯಾನಿನ್ ಒಗರೂ ಸೇರಿದರೆ ಬಾಯಿ ಉರಿದು ಒಣಗುತ್ತದೆ. ಹಾಗಾಗಿ ಆಂಧ್ರ ಶೈಲಿಯ ಖಾರಕ್ಕೆ ಕ್ಯಾಬರ್ನೆ ಅನ್ನುವ ಒಗರು ಜಾಸ್ತಿಯ ದುಬಾರಿ ಕೆಂಪು ವೈನ್ ತೆರೆಯುವುದು ದುಡ್ಡು ಚರಂಡಿಗೆ ಹಾಕಿದಂತೆ. ಆಲ್ಕೋಹಾಲ್ ಕಡಿಮೆ ಇರುವ, ಸ್ವಲ್ಪ ಸಿಹಿ ಉಳಿಸಿಕೊಂಡ, ಚೆನ್ನಾಗಿ ತಣಿಸಿದ ಶೆನಿನ್ ಬ್ಲಾಂಕ್ ಬಿಳಿ ವೈನ್ ಕೊಡಿ. ಬಿಲ್ ಕಡಿಮೆಯಾಗುತ್ತದೆ ಅಂತ ಮ್ಯಾನೇಜರ್ ಗೊಣಗಬಹುದು. ಅತಿಥಿ ಮತ್ತೆ ಬರುತ್ತಾರೆ.

ಮೆಣಸಿನಕಾಯಿ ಬಜ್ಜಿ, ಉದ್ದಿನ ವಡೆಗೆ ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆ ಏಳುವ ವೈನ್. ಎಣ್ಣೆ ಜಿಡ್ಡನ್ನು ಅದರ ಹುಳಿ ಮತ್ತು ಗುಳ್ಳೆ ತೊಳೆದು ಹಾಕುತ್ತವೆ. ನಿಂಬೆ ಹಿಂಡಿದ ಕೋಸಂಬರಿಗೆ ಸೊವಿನ್ಯೋ ಬ್ಲಾಂಕ್. ಇಲ್ಲಿ ಒಂದು ನಿಯಮ ಇದೆ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆ ಇರಬಾರದು, ಇದ್ದರೆ ವೈನ್ ಸಪ್ಪೆಯಾಗುತ್ತದೆ. ಮಂಗಳೂರಿನ ಕೋರಿ ಗಸಿ, ನೀರು ದೋಸೆಗೆ ವಿಯೊನ್ಯೆ ಅನ್ನುವ ಬಿಳಿ ವೈನ್. ತೆಂಗಿನ ಹಾಲಿನ ದಪ್ಪಕ್ಕೆ ಅದರ ಮೈ ಹೊಂದುತ್ತದೆ. ಕಾಣೆ ಮೀನಿನ ಫ್ರೈಗೆ ಕೆಂಪು ವೈನ್ ಬೇಡ. ಅದರಲ್ಲಿರುವ ಕಬ್ಬಿಣದ ಅಂಶ ಮೀನಿನ ಕಮಟನ್ನು ಎದ್ದು ಕಾಣಿಸುತ್ತದೆ.

ಕೊಡಗಿನ ಪಂದಿ ಕರಿ ನನ್ನ ಮೆಚ್ಚಿನ ಪಾಠ. ಕೊಬ್ಬು ಇದೆ, ಹುರಿದ ಮಸಾಲೆ ಇದೆ, ಕರಿಮೆಣಸು ಇದೆ, ಕಾಚಂಪುಳಿಯ ಹುಳಿ ಇದೆ. ಕೆಂಪು ವೈನಿಗೆ ಹೇಳಿ ಮಾಡಿಸಿದ ಅಡುಗೆ. ಟ್ಯಾನಿನ್ ಮಾಂಸದ ಜೊತೆ ಮೆತ್ತಗಾಗುತ್ತದೆ, ಮೆಣಸಿಗೆ ಮೆಣಸು ಸೇರುತ್ತದೆ. ಆ ಲೋಟದಲ್ಲಿ ಶಿರಾಜ್ ಇರುತ್ತದೆ. 15ರಿಂದ 18 ಡಿಗ್ರಿಯಲ್ಲಿ ಕೊಡಬೇಕು, ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದ ಕೋಣೆಯ ಬಿಸಿಯಲ್ಲಿ ಅಲ್ಲ. ಕೆಂಪು ವೈನನ್ನು ಫ್ರಿಜ್ಜಿನಿಂದ ತಂದರೆ ಕೆಲವು ಅತಿಥಿಗಳು ಮುಖ ಸಿಂಡರಿಸುತ್ತಾರೆ. ಹದಿನೈದು ನಿಮಿಷ ತಣಿಸಿದ್ದು ಅಂತ ನಗುತ್ತಾ ಹೇಳಿ.

ಸಾರಿನ ಜೊತೆ ಯಾವ ವೈನೂ ಬೇಡ. ಸುಡು ಬಿಸಿ, ಹುಳಿ, ಖಾರ ಮೂರೂ ಇರುವ ಕಡೆ ವೈನಿಗೆ ಕೆಲಸವಿಲ್ಲ. ಒಬ್ಬಟ್ಟಿಗೂ ಅಷ್ಟೇ. ಸಿಹಿ ತಿಂದ ಬಾಯಿಗೆ ಒಣ ವೈನ್, ಅಂದರೆ ಸಿಹಿ ಇಲ್ಲದ ವೈನ್, ಹುಳಿ ಹುಳಿ ಅನ್ನಿಸುತ್ತದೆ. ಒಬ್ಬಟ್ಟಿಗಿಂತ ಸಿಹಿಯಾದ ವೈನ್ ಇದ್ದರೆ ಕೊಡಿ, ಇಲ್ಲದಿದ್ದರೆ ಫಿಲ್ಟರ್ ಕಾಫಿ ಕೊಡಿ. ವೈನ್ ಬೇಡ ಅಂತ ಹೇಳುವ ಧೈರ್ಯ ಇರುವ ಸರ್ವರ್ ಮಾತನ್ನು ಅತಿಥಿ ಮುಂದಿನ ಸಲ ನಂಬುತ್ತಾರೆ.

ಕೂತಾಗ ಏನು ಗಮನಿಸಬೇಕು? ಬಡಿಸುವ ಗೆಳೆಯ ಲೇಬಲ್ ತೋರಿಸಿದಾಗ ಓದಲು ಸಮಯ ಕೊಟ್ಟನಾ ಅಂತ ನೋಡಿ. ಮೊದಲ ಎರಡು ಗುಟುಕು ಸುರಿಯುವುದು ಇಷ್ಟವಾಯಿತಾ ಅಂತ ಕೇಳಲು ಅಲ್ಲ, ವೈನ್ ಕೆಟ್ಟಿಲ್ಲ ತಾನೆ ಅಂತ ಖಾತ್ರಿ ಮಾಡಿಕೊಳ್ಳಲು. ಇದನ್ನು ಬಹಳ ಅತಿಥಿಗಳಿಗೆ ಯಾರೂ ಹೇಳಿರುವುದಿಲ್ಲ. "ಒಮ್ಮೆ ವಾಸನೆ ನೋಡಿ ಸರ್, ಸರಿ ಇದ್ದರೆ ಎಲ್ಲರಿಗೂ ಹಾಕುತ್ತೇನೆ" ಅಂತ ಮೆಲ್ಲಗೆ ಅಂದರೆ ಅರ್ಧ ಭಯ ಇಳಿಯುತ್ತದೆ. ಇನ್ನು ಬೆಲೆ. ಹೆಂಡತಿಯ ಮನೆಯವರನ್ನು ಕರೆತಂದ ಅಳಿಯ "ಒಳ್ಳೇದು ಯಾವ್ದಿದೆ?" ಅನ್ನುತ್ತಾ ಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ಬೆರಳಿಡುತ್ತಾನೆ. ಅವನ ಬೆರಳು ಹೆಸರಿನ ಮೇಲಿಲ್ಲ, ಬೆಲೆಯ ಮೇಲಿದೆ. ನೀವು ಬೆಲೆ ಬಾಯಿಬಿಟ್ಟು ಹೇಳದೆ, ಆ ಆಸುಪಾಸಿನದೇ ಇನ್ನೆರಡನ್ನು ತೋರಿಸಬೇಕು. ಇದನ್ನು ಊಟದಲ್ಲಿ ನಟಿಸಿ ನೋಡುತ್ತೇವೆ. ಅಳಿಯನ ಪಾತ್ರ ನಾನೇ ಮಾಡುತ್ತೇನೆ.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು.

"ವೈನ್ ಸಸ್ಯಾಹಾರವೇ?" ಅಂತ ಒಬ್ಬ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ ಅಮ್ಮ. ಕೆಲವು ವೈನರಿಗಳು ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತವೆ. ಕೆಲವು ಬೆಂಟೊನೈಟ್ ಅನ್ನುವ ಜೇಡಿಮಣ್ಣು ಬಳಸುತ್ತವೆ. ಬಳಸಿದ್ದು ತಳಕ್ಕಿಳಿದ ಮೇಲೆ ತೆಗೆಯುತ್ತಾರೆ ನಿಜ, ಆದರೂ ಕೇಳುವ ಹಕ್ಕು ಅತಿಥಿಗಿದೆ. ಹುಡುಗರೇ, ವೈನರಿಯಲ್ಲಿ ಇದನ್ನು ಕೇಳಿ ಬರೆದುಕೊಳ್ಳಿ.

"ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಈ ಫ್ರೆಂಚ್ ಹೆಸರೆಲ್ಲ ಬಾಯಿಗೆ ಬರಲ್ಲ" ಅಂತ ರಾಯಚೂರಿನ ಹುಡುಗ ಅಂದ. ಎಲ್ಲ ಬೇಡಪ್ಪ. ನೀನು ಕೆಲಸ ಮಾಡುವ ಹೋಟೆಲಿನ ಪಟ್ಟಿಯಲ್ಲಿರುವ ಹೆಸರು ಮಾತ್ರ ಬಾಯಿಪಾಠ ಮಾಡು. ಉಳಿದದ್ದನ್ನು ಕನ್ನಡದಲ್ಲಿ ಹೇಳು. ಕನ್ನಡ ಕೇಳಿದ್ದೇ ತಡ, ಎಷ್ಟೋ ಅತಿಥಿಗಳ ಭುಜ ಸಡಿಲವಾಗುತ್ತದೆ.

"ಚೆನ್ನಾಗಿರೋ ವೈನನ್ನೇ ಅತಿಥಿ ಕೆಟ್ಟಿದೆ ಅಂದ್ರೆ?" ಇದು ಕೊನೆಯ ಪ್ರಶ್ನೆ. ಕಾರ್ಕಿನಿಂದ ನಿಜವಾಗಿ ಕೆಟ್ಟ ವೈನಿನ ವಾಸನೆ ನೆಂದ ರಟ್ಟಿನದು, ಮಳೆಗಾಲದಲ್ಲಿ ಒಣಗದೆ ಮುಗ್ಗಿದ ಬಟ್ಟೆಯದು. ಅದು ಇಲ್ಲದಿದ್ದರೂ ವಾದ ಮಾಡಬೇಡಿ. ಬಾಟಲಿ ವಾಪಸ್ ತೆಗೆದುಕೊಳ್ಳಿ, ಸರ್ವರ್‌ಗಳ ಮೇಲಿನ ಕ್ಯಾಪ್ಟನ್‌ಗೆ ತಿಳಿಸಿ. ಚೆಲ್ಲಬೇಡಿ, ಮುಚ್ಚಿ, ಮೇಜಿನ ನಂಬರ್ ಬರೆದು ಇಡಿ. ಕೆಟ್ಟಿದ್ದರೆ ಸರಬರಾಜು ಮಾಡಿದವರ ಹತ್ತಿರ ಕೇಳಬಹುದು. ಕೆಟ್ಟಿಲ್ಲದಿದ್ದರೆ ಲೋಟದ ಲೆಕ್ಕದಲ್ಲಿ ಮಾರಬಹುದು, 150 ಮಿ.ಲೀ.ಯ ಹಾಗೆ ಬಾಟಲಿಗೆ ಐದು ಲೋಟ ಬರುತ್ತದೆ. ಆಮೇಲೆ ಅತಿಥಿಗೆ ಅದರಲ್ಲಿ ಏನು ಹಿಡಿಸಲಿಲ್ಲ ಅಂತ ಕೇಳಿ. ಒಗರು ಅಂದರೆ ಅದೇ ವೈನಿನ ಇನ್ನೊಂದು ಬಾಟಲಿ ತಂದು ಪ್ರಯೋಜನವಿಲ್ಲ, ಮೃದುವಾದ ಬೇರೆಯದನ್ನು ತೋರಿಸಿ. ಅದನ್ನು ತರುವಾಗ ಹೊಸ ಲೋಟಗಳನ್ನೂ ತನ್ನಿ. ಹಳೆಯ ಲೋಟದಲ್ಲಿ ಮೊದಲಿನ ವೈನಿನ ವಾಸನೆ ಇನ್ನೂ ಇರುತ್ತದೆ.